ಗೋಳಿಬಜೆ ಕೇಳಿದರೆ ಮಂಗಳೂರು ಬಜ್ಜಿ: ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡುವ ಬಗೆ

ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತುಹೋದವು. ಅವನ ಲ್ಯಾಪ್‌ಟಾಪ್ ವಿಂಡೋಸ್ 11 ಹಾಕಿಸಿಕೊಳ್ಳುವಷ್ಟು ಹೊಸದಲ್ಲ. "ಮಾಮ, ಲಿನಕ್ಸ್ ಹಾಕ್ಕೊಂಡ್ರೆ ಗೇಮ್ಸ್ ಆಡೋಕಾಗುತ್ತಾ?" ಎಂದು ಕೇಳಿದ. ಲಿನಕ್ಸ್ ಎಂದರೆ ವಿಂಡೋಸ್ ಜಾಗದಲ್ಲಿ ಹಾಕಿಕೊಳ್ಳಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಹತ್ತು ವರ್ಷದ ಹಿಂದೆ ಕೇಳಿದ್ದರೆ "ಆಗಲ್ಲಪ್ಪ" ಎನ್ನುತ್ತಿದ್ದೆ. ಈ ಸಲ "ಹೆಚ್ಚುಕಮ್ಮಿ ಎಲ್ಲಾನೂ ಆಡಬಹುದು" ಎಂದೆ. ನಡುವಿನ ಈ ಹತ್ತು ವರ್ಷದಲ್ಲಿ ಏನಾಯಿತು ಎಂಬುದು ನನಗೆ ತುಂಬ ಇಷ್ಟವಾದ ಕಥೆ.

ಮೊದಲು ಒಂದು ವಿಷಯ. ಅದೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೂ ಒಳಗಿನ ಪ್ರೊಸೆಸರ್ ಬದಲಾಗುವುದಿಲ್ಲ, ಅಲ್ವಾ? ಕೂಡು, ಕಳೆ, ಹೋಲಿಸು ಎಂದು ಗೇಮ್ ಹೇಳಿದ್ದೆಲ್ಲ ಅದಕ್ಕೆ ಮೊದಲಿನಂತೆಯೇ ಅರ್ಥವಾಗುತ್ತದೆ. ಹಾಗಾದರೆ ತೊಡಕು ಎಲ್ಲಿ? ಗೇಮ್ ಎಲ್ಲ ಕೆಲಸವನ್ನೂ ತಾನೇ ಮಾಡಿಕೊಳ್ಳುವುದಿಲ್ಲ. ಫೈಲ್ ತೆರೆಯಲು, ಮೆಮೊರಿ ಪಡೆಯಲು, ಸದ್ದು ಹೊರಡಿಸಲು, ಚಿತ್ರ ಮೂಡಿಸಲು ಅದು ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಕೇಳುವುದು ವಿಂಡೋಸ್ ಇಟ್ಟ ಹೆಸರುಗಳಲ್ಲಿ. ಆಗಲೇ ಇರುವ ಫೈಲ್ ತೆರೆಯುವುದಕ್ಕೂ ಅಲ್ಲಿ 'ಕ್ರಿಯೇಟ್‌ಫೈಲ್' ಎನ್ನಬೇಕು. ಲಿನಕ್ಸ್‌ನಲ್ಲಿ ಅದೇ ಕೆಲಸಕ್ಕೆ 'ಓಪನ್'.

ಮಂಗಳೂರಿನವರು ಬೆಂಗಳೂರಿನ ಹೋಟೆಲಿಗೆ ಬಂದು ಗೋಳಿಬಜೆ ಕೇಳಿದ ಹಾಗೆ ಇದು. ಬೋರ್ಡಿನಲ್ಲಿ ಆ ಹೆಸರಿಲ್ಲ. ಆದರೆ ಒಳಗೆ ಬಿಸಿಬಿಸಿ ಮಂಗಳೂರು ಬಜ್ಜಿ ಕರಿಯುತ್ತಿದ್ದಾರೆ. ತಿಂಡಿ ಒಂದೇ, ಹೆಸರು ಬೇರೆ. ಇದನ್ನು ಬಲ್ಲ ಒಬ್ಬ ಸಪ್ಲೈಯರ್ ಇದ್ದರೆ ಸಾಕು.

ಆ ಸಪ್ಲೈಯರ್‌ನ ಹೆಸರು ವೈನ್. 1993ರಲ್ಲಿ ಶುರುವಾದ ಓಪನ್ ಸೋರ್ಸ್ ತಂತ್ರಾಂಶ ಇದು, ಅಂದರೆ ಇದರ ಕೋಡ್ ಎಲ್ಲರಿಗೂ ತೆರೆದಿದೆ. ಅಲೆಕ್ಸಾಂಡ್ರ್ ಜೂಲಿಯಾರ್ ಎಂಬವರು 1994ರಿಂದ ಇದನ್ನು ಮುನ್ನಡೆಸುತ್ತಿದ್ದಾರೆ. 'ವೈನ್ ಎಮ್ಯುಲೇಟರ್ ಅಲ್ಲ' ಎಂಬುದೇ ಆ ಹೆಸರಿನ ವಿಸ್ತರಣೆ. ಎಮ್ಯುಲೇಟರ್ ಎಂದರೆ ಬೆಂಗಳೂರಿನ ಹೋಟೆಲಿನೊಳಗೆ ಇಡೀ ಮಂಗಳೂರು ಹೋಟೆಲನ್ನೇ ಕಟ್ಟಿದಂತೆ. ಜಾಗವೂ ಜಾಸ್ತಿ ಬೇಕು, ಸಮಯವೂ ಜಾಸ್ತಿ ಬೇಕು. ವೈನ್‌ನಲ್ಲಿ ಹಾಗಿಲ್ಲ. ಗೇಮ್‌ನ ಲೆಕ್ಕಾಚಾರ ನೇರವಾಗಿ ಪ್ರೊಸೆಸರ್ ಮೇಲೆ ಓಡುತ್ತದೆ. ಆಪರೇಟಿಂಗ್ ಸಿಸ್ಟಂನ ಸಹಾಯ ಕೇಳುವಾಗ ಮಾತ್ರ ವೈನ್ ನಡುವೆ ಬಂದು ಅನುವಾದ ಮಾಡುತ್ತದೆ.

ಕೇಳಲು ಸುಲಭ. ಆದರೆ ವಿಂಡೋಸ್‌ನಲ್ಲಿ ಇಂಥ ಹೆಸರುಗಳು ಸಾವಿರಾರು ಇವೆ. ಅವುಗಳ ಒಳಗೇನಿದೆ ಎಂದು ಮೈಕ್ರೋಸಾಫ್ಟ್ ಸಾರ್ವಜನಿಕವಾಗಿ ತೋರಿಸಿಲ್ಲ. ಅದಕ್ಕೇ ವೈನ್‌ನವರು ಪುಟ್ಟ ಪುಟ್ಟ ಪರೀಕ್ಷೆಗಳನ್ನು ಬರೆದು ನಿಜವಾದ ವಿಂಡೋಸ್ ಮೇಲೆ ಓಡಿಸುತ್ತಾರೆ. ಹೀಗೆ ಕೇಳಿದರೆ ಏನು ಉತ್ತರ ಬರುತ್ತದೆ? ತಪ್ಪಾಗಿ ಕೇಳಿದರೆ ಏನಾಗುತ್ತದೆ? ಆಮೇಲೆ ತಮ್ಮ ಕೋಡ್ ಕೂಡ ಅದೇ ಉತ್ತರ ಕೊಡುವಂತೆ ಬರೆಯುತ್ತಾರೆ. ವಿಂಡೋಸ್‌ನಲ್ಲಿ ಒಂದು ದೋಷವಿದ್ದು, ಯಾವುದೋ ಗೇಮ್ ಅದನ್ನೇ ನೆಚ್ಚಿಕೊಂಡಿದ್ದರೆ, ಆ ದೋಷವನ್ನೂ ಹಾಗೇ ತರಬೇಕು. ವೈನ್‌ನ 1.0 ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ! ಈ ತಾಳ್ಮೆಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಲಿನಕ್ಸ್‌ಗೆಂದೇ ಗೇಮ್‌ಗಳನ್ನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಪ್ರಯತ್ನವೂ ನಡೆದಿತ್ತು. 1998ರಲ್ಲಿ ಶುರುವಾದ ಲೋಕಿ ಸಾಫ್ಟ್‌ವೇರ್ ಎಂಬ ಕಂಪನಿ ಒಳ್ಳೊಳ್ಳೆಯ ಗೇಮ್‌ಗಳನ್ನು ಲಿನಕ್ಸ್‌ಗೆ ತಂದಿತು. ಕೊಳ್ಳುವವರು ಸಾಲದೆ 2002ರಲ್ಲಿ ಬಾಗಿಲು ಹಾಕಿತು. ಮತ್ತೆ 2015ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ನಡೆಸುವ ವಾಲ್ವ್ ಕಂಪನಿ, ಲಿನಕ್ಸ್ ಇರುವ 'ಸ್ಟೀಮ್ ಮಷೀನ್' ಗೇಮ್ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿತು. ಅವೂ ಓಡಲಿಲ್ಲ. ಆಟಗಾರರಿಲ್ಲ ಎಂದು ಗೇಮ್ ಬರುವುದಿಲ್ಲ, ಗೇಮ್ ಇಲ್ಲ ಎಂದು ಆಟಗಾರರು ಬರುವುದಿಲ್ಲ. ಗೇಮ್ ಮಾಡುವವರನ್ನು ಒಲಿಸುವುದು ಆಗದ ಮಾತು ಎಂದಾದಾಗ ಉಳಿದದ್ದು ಅನುವಾದದ ದಾರಿ ಒಂದೇ.

ಅಲ್ಲಿ ಅಡ್ಡ ನಿಂತಿದ್ದು ಚಿತ್ರ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಹದಿನಾರು ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಗೇಮ್ ಗ್ರಾಫಿಕ್ಸ್ ಕಾರ್ಡ್‌ಗೆ ಸಾವಿರಾರು ಆದೇಶ ಕೊಟ್ಟಿರುತ್ತದೆ, ಅದೂ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಭಾಷೆಯಲ್ಲಿ. ವೈನ್ ಇದನ್ನು ಓಪನ್‌ಜಿಎಲ್ ಎಂಬ ಹಳೆಯ ಭಾಷೆಗೆ ತಿರುಗಿಸುತ್ತಿತ್ತು. ಎರಡರ ಜಾಯಮಾನವೇ ಬೇರೆ. ಗೇಮ್ ಕುಂಟುತ್ತಿತ್ತು. 2016ರ ಫೆಬ್ರವರಿಯಲ್ಲಿ ವಲ್ಕನ್ ಎಂಬ ಹೊಸ ಭಾಷೆ ಬಂತು. ಅದು ಗ್ರಾಫಿಕ್ಸ್ ಕಾರ್ಡ್‌ಗೆ ತೀರ ಹತ್ತಿರದಲ್ಲಿ ಕೆಲಸ ಮಾಡುತ್ತದೆ. ಯಾವ ಕೆಲಸ ಯಾವಾಗ ಆಗಬೇಕು ಎಂಬುದನ್ನೆಲ್ಲ ಬರೆಯುವವರ ಕೈಗೇ ಬಿಡುತ್ತದೆ. ಅನುವಾದ ಮಾಡುವವರಿಗೆ ಬೇಕಾದದ್ದೂ ಅದೇ.

ನನಗೆ ಎಲ್ಲಕ್ಕಿಂತ ಹತ್ತಿರವಾದ ಭಾಗ ಇನ್ನು ಮುಂದಿನದು. ಫಿಲಿಪ್ ರೆಬೋಲೆ ಎಂಬ ತರುಣನಿಗೆ 2017ರಲ್ಲಿ ಬಂದ 'ನಿಯರ್: ಆಟೊಮೇಟಾ' ಎಂಬ ಗೇಮನ್ನು ಲಿನಕ್ಸ್‌ನಲ್ಲೇ ಆಡುವ ಆಸೆ. ಅದಕ್ಕಾಗಿ ಡೈರೆಕ್ಟ್‌ಎಕ್ಸ್ 11 ಅನ್ನು ವಲ್ಕನ್‌ಗೆ ತಿರುಗಿಸುವ 'ಡಿಎಕ್ಸ್‌ವಿಕೆ' ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಇದನ್ನು ಕಂಡ ವಾಲ್ವ್ 2018ರ ಫೆಬ್ರವರಿಯಿಂದ ಅವರಿಗೆ ಸಂಬಳ ಕೊಟ್ಟು ಅದೇ ಕೆಲಸಕ್ಕೆ ಕೂರಿಸಿತು. ಆ ಆಗಸ್ಟ್‌ನಲ್ಲಿ ವೈನ್, ಡಿಎಕ್ಸ್‌ವಿಕೆ ಎಲ್ಲವನ್ನೂ ಸೇರಿಸಿ 'ಪ್ರೋಟಾನ್' ಎಂದು ಹೆಸರಿಟ್ಟು ಸ್ಟೀಮ್ ಒಳಗೇ ಇಟ್ಟಿತು. ಪರೀಕ್ಷಿಸಿ ಸರಿಯಿದೆ ಎಂದು ಮೊದಲ ದಿನ ಹೇಳಿದ್ದು 27 ಗೇಮ್‌ಗಳನ್ನು ಮಾತ್ರ. ಆ 27ರಲ್ಲಿ 'ನಿಯರ್: ಆಟೊಮೇಟಾ' ಕೂಡ ಇತ್ತು.

ಚಿತ್ರದ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಬೆಳಕು, ನೆರಳು, ನೀರಿನ ಹೊಳಪು ಇವನ್ನೆಲ್ಲ ಲೆಕ್ಕ ಹಾಕುವ ಪುಟಾಣಿ ಪ್ರೋಗ್ರಾಂಗಳಿಗೆ ಶೇಡರ್ ಎನ್ನುತ್ತಾರೆ. ಇವನ್ನು ಮೊದಲು ವಲ್ಕನ್‌ನ ರೂಪಕ್ಕೆ, ಆಮೇಲೆ ನಿಮ್ಮ ಕಾರ್ಡ್‌ನ ಸ್ವಂತ ಭಾಷೆಗೆ ತಿರುಗಿಸಬೇಕು. ಆಟದ ನಡುವೆ ಹೊಸ ಶೇಡರ್ ಬಂದರೆ ಹದಿನಾರು ಮಿಲಿಸೆಕೆಂಡ್ ಎಲ್ಲಿ ಸಾಲುತ್ತದೆ? ಚಿತ್ರ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಇದಕ್ಕೆ ಮದ್ದೆಂದರೆ ಮೊದಲೇ ತಯಾರಿಸಿಡುವುದು. ಸ್ಟೀಮ್‌ನಲ್ಲಿ ಗೇಮ್ ತೆರೆಯುವ ಮುಂಚೆ 'ಶೇಡರ್ ಸಿದ್ಧವಾಗುತ್ತಿದೆ' ಎಂದು ಕಾಯಿಸುತ್ತದಲ್ಲ, ಅದು ಇದೇ. ದಯವಿಟ್ಟು ಅದನ್ನು ಸ್ಕಿಪ್ ಮಾಡಬೇಡಿ.

ಕೆಲವು ತಿಂಡಿಗಳಿಗೆ ಮಾತ್ರ ಬೆಂಗಳೂರಿನ ಅಡುಗೆಮನೆಯಲ್ಲಿ ಸಾಟಿಯೇ ಇರಲಿಲ್ಲ. ಗೇಮ್ ಒಂದೇ ಹೊತ್ತಿಗೆ ಹತ್ತಾರು ಕೆಲಸಗಳನ್ನು ಮಾಡುತ್ತಿರುತ್ತದೆ. 'ಈ ಐದೂ ಮುಗಿಯುವವರೆಗೆ ಕಾಯಿ' ಎಂದು ವಿಂಡೋಸ್‌ಗೆ ಒಂದೇ ಮಾತಿನಲ್ಲಿ ಹೇಳಬಹುದು. ಲಿನಕ್ಸ್‌ಗೆ ಅಂಥ ಮಾತು ಗೊತ್ತಿರಲಿಲ್ಲ. ವೈನ್ ಇದಕ್ಕಾಗಿ ಬೇರೆಯೇ ಒಂದು ಪ್ರೋಗ್ರಾಂ ಇಟ್ಟುಕೊಂಡಿತ್ತು. ಪ್ರತಿ ಸಲವೂ ಅದರ ಹತ್ತಿರ ಹೋಗಿ ಕೇಳಿ ಬರಬೇಕು. ವೈನ್‌ಗೆ ಕೋಡ್ ಬರೆಯುವ ಎಲಿಜಬೆತ್ ಫಿಗುರಾ ವರ್ಷಗಳ ಕಾಲ ಇದರ ಬೆನ್ನು ಹತ್ತಿದರು. ಕೊನೆಗೆ ಅವರ 'ಎನ್‌ಟಿಸಿಂಕ್' 2025ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 6.14ರ ಕರ್ನಲ್ ಒಳಗೇ ಸೇರಿತು. ಗೇಮ್‌ಗೆ ಬೇಕೆಂದು ಆಪರೇಟಿಂಗ್ ಸಿಸ್ಟಂನ ತಿರುಳೇ ಹೊಸ ಮಾತು ಕಲಿತಿತು. ಯಾರು ಬೇಕಾದರೂ ಕೋಡ್ ಓದಿ, ತಿದ್ದಿ, ವಾಪಸ್ ಕೊಡಬಹುದಾದ್ದರಿಂದ ಇದು ಆಯಿತು.

2022ರ ಫೆಬ್ರವರಿಯಲ್ಲಿ ವಾಲ್ವ್ 'ಸ್ಟೀಮ್ ಡೆಕ್' ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ಮಾರತೊಡಗಿತು. ಅದರೊಳಗಿರುವುದು ಆರ್ಚ್ ಎಂಬ ಬಗೆಯ ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್. ಅದನ್ನು ಕೊಂಡ ಎಷ್ಟೋ ಜನಕ್ಕೆ ತಾವು ಲಿನಕ್ಸ್ ಬಳಸುತ್ತಿದ್ದೇವೆ ಎಂಬ ಯೋಚನೆಯೂ ಬರಬೇಕಿಲ್ಲ. 2025ರ ಅಕ್ಟೋಬರ್‌ನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರ ಪಾಲು ಮೊದಲ ಬಾರಿಗೆ ನೂರಕ್ಕೆ ಮೂರನ್ನು ದಾಟಿತು. ಸಣ್ಣ ಸಂಖ್ಯೆ ನಿಜ. ಆದರೆ ಲೋಕಿಯ ದಿನಗಳನ್ನು ಕಂಡವರಿಗೆ ಅದು ಸಣ್ಣದಲ್ಲ.

ಹಾಗಾದರೆ ನಾನು 'ಹೆಚ್ಚುಕಮ್ಮಿ' ಎಂದದ್ದೇಕೆ? ಆನ್‌ಲೈನ್‌ನಲ್ಲಿ ಎದುರಾಳಿಗಳೊಡನೆ ಆಡುವ ಕೆಲವು ಗೇಮ್‌ಗಳಿಂದ. 'ವ್ಯಾಲರೆಂಟ್'ನ ಮೋಸ ತಡೆಯುವ ಕಾವಲುಗಾರ ವಿಂಡೋಸ್‌ನ ಕರ್ನಲ್ ಒಳಗೇ ಕೂರಲು ಬಯಸುತ್ತದೆ. ಲಿನಕ್ಸ್‌ನಲ್ಲಿ ಆ ಕರ್ನಲ್ ಇಲ್ಲ. ಇರುವ ಕರ್ನಲನ್ನು ಯಾರು ಬೇಕಾದರೂ ತಮಗೆ ಬೇಕಾದಂತೆ ತಿದ್ದಿ ಕಟ್ಟಿಕೊಳ್ಳಬಹುದು. ಕಾವಲುಗಾರ ಅದನ್ನು ನಂಬುವುದು ಹೇಗೆ? 'ಏಪೆಕ್ಸ್ ಲೆಜೆಂಡ್ಸ್' ಲಿನಕ್ಸ್‌ನಲ್ಲಿ ಓಡುತ್ತಿತ್ತು. ಮೋಸಗಾರರಿಗೆ ಇದು ದಾರಿಯಾಗಿದೆ ಎಂದು ಹೇಳಿ 2024ರ ಅಕ್ಟೋಬರ್ ಕೊನೆಗೆ ನಿಲ್ಲಿಸಿದರು. ಇದು ಅನುವಾದದಿಂದ ಬಗೆಹರಿಯುವ ಮಾತಲ್ಲ. ಯಂತ್ರ ನಿಮ್ಮದು, ಆದರೆ ಅದರ ತಿರುಳಿಗೆ ನೀವು ಕೈಹಾಕಿಲ್ಲ ಎಂದು ಬೇರೆಯವರಿಗೆ ಖಾತ್ರಿ ಕೊಡಬೇಕು. ಮೋಸ ತಡೆಯಬೇಕು ಎನ್ನುವುದು ನ್ಯಾಯವೇ. ಆದರೂ ಒಂದು ಗೇಮ್‌ಗಾಗಿ ಅಷ್ಟು ಆಳದ ಬೀಗದ ಕೈ ಕೊಡುವುದು ನನಗೆ ಸರಿಕಾಣುವುದಿಲ್ಲ.

ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿ, ಪ್ರೋಟಾನ್‌ಡಿಬಿ ಎಂಬ ವೆಬ್‌ಸೈಟಿನಲ್ಲಿ ನಿನ್ನ ಗೇಮ್‌ಗಳನ್ನು ಹುಡುಕಿ ನೋಡು ಎಂದೆ. ಯಾವ ಗೇಮ್ ಯಾವ ಕಾರ್ಡ್‌ನಲ್ಲಿ ಹೇಗೆ ಓಡುತ್ತದೆ ಎಂದು ಆಟಗಾರರೇ ಅಲ್ಲಿ ಬರೆದಿಡುತ್ತಾರೆ. ಅವನ ಹನ್ನೊಂದು ಗೇಮ್‌ಗಳಲ್ಲಿ ಒಂಬತ್ತು ಓಡಿದವು. ಒಂದಕ್ಕೆ ಅವನಂಥ ಹಳೇ ಕಾರ್ಡ್‌ನ ವರದಿಯೇ ಇರಲಿಲ್ಲ. ರಾತ್ರಿ ಎರಡು ಗಂಟೆ ಕಾಲ ಪ್ರೋಟಾನ್‌ನ ಆವೃತ್ತಿಗಳನ್ನು ಒಂದೊಂದಾಗಿ ಹಾಕಿ ನೋಡಿ, ಮೂರನೆಯದರಲ್ಲಿ ಓಡಿಸಿ, ಅದನ್ನು ಬರೆದು ಹಾಕಿಯೇ ಮಲಗಿದ್ದಾನೆ.