ಬಕೆಟ್ಟಿಗೆ ಎಷ್ಟು ಬಂತು?

"ಎಂಜಿನ್ ಓಡಿದ್ದೇ ವರ್ಷಕ್ಕೆ 40 ಗಂಟೆ. ಕೂಲಂಟ್ ಯಾಕ್ರೀ ಬದಲಿಸಬೇಕು?" ಹಾಯಿದೋಣಿ ಇಟ್ಟುಕೊಂಡವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಗಾಳಿ ಇದ್ದಾಗ ಎಂಜಿನ್ನಿಗೆ ಕೆಲಸವಿಲ್ಲ, ನಿಜ. ಆದರೆ ಎಂಜಿನ್ನನ್ನು ತಣ್ಣಗಿಡುವ ಈ ದ್ರವ, ಅಂದರೆ ಕೂಲಂಟ್, ಹಳತಾಗುವುದು ಗಂಟೆ ಲೆಕ್ಕದಲ್ಲಿ ಮಾತ್ರ ಅಲ್ಲ, ವರ್ಷದ ಲೆಕ್ಕದಲ್ಲೂ. ಅದರಲ್ಲಿರುವ, ಹೆಪ್ಪುಗಟ್ಟದಂತೆ ಕಾಯುವ ಗ್ಲೈಕಾಲ್ ಬಹಳ ಕಾಲ ಉಳಿಯುತ್ತದೆ. ತುಕ್ಕು ತಡೆಯುವ ರಾಸಾಯನಿಕಗಳು ಮೊದಲೇ ಮುಗಿಯುತ್ತವೆ. ಹಳೇ ಬಗೆಯದಕ್ಕೆ ಸುಮಾರು 2 ವರ್ಷ, ಹೆಚ್ಚು ಬಾಳುವ ಬಗೆಗೆ ಸುಮಾರು 5 ವರ್ಷ ಆಯಸ್ಸು. ಬಣ್ಣ ನೋಡಿ ಬಗೆ ತೀರ್ಮಾನಿಸಬೇಡಿ, ಮ್ಯಾನ್ಯುಅಲ್ ನೋಡಿ. ಎರಡು ಬಗೆ ಬೆರೆತರೆ ಕೆಲವೊಮ್ಮೆ ಲೋಳೆಯಾಗಿ ಕೂರುತ್ತದೆ.

ಸಮುದ್ರದ ನೀರೇ ನೇರವಾಗಿ ಬ್ಲಾಕಿನೊಳಗೆ (ಎಂಜಿನ್ನಿನ ಮುಖ್ಯ ಒಡಲು) ಹರಿಯುವ ಎಂಜಿನ್ ನಿಮ್ಮದಾದರೆ ಇದು ನಿಮಗಲ್ಲ. ಹೀಟ್ ಎಕ್ಸ್‌ಚೇಂಜರ್ (ಕೂಲಂಟಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಭಾಗ) ಇರುವವರು ಮುಂದೆ ಓದಿ.

ಎಂಜಿನ್ ಪೂರ್ತಿ ತಣ್ಣಗಾಗಲಿ. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಆಟೊಮ್ಯಾಟಿಕ್ ಸ್ವಿಚ್ ಆಫ್ ಮಾಡಿ, ಇಲ್ಲದಿದ್ದರೆ ಚೆಲ್ಲಿದ್ದೆಲ್ಲ ಸಮುದ್ರಕ್ಕೆ ಹೋಗುತ್ತದೆ. ಗ್ಲೈಕಾಲ್ ವಿಷ, ಜೊತೆಗೆ ಸಿಹಿ. ನಾಯಿ ಇದ್ದರೆ ಬಕೆಟ್ ಹತ್ತಿರ ಬಿಡಬೇಡಿ. ಕೂಲಂಟ್ ಇಳಿಸಲು ಎಕ್ಸ್‌ಚೇಂಜರ್ ಪ್ಲಗ್ ಬಿಚ್ಚುವುದು ಸುಲಭ. ಬ್ಲಾಕಿನ ಪ್ಲಗ್ ಮಾತ್ರ ಸಾಮಾನ್ಯವಾಗಿ ಕೈ ಹೋಗದ ಮೂಲೆಯಲ್ಲೇ ಇರುತ್ತದೆ. ಅದಕ್ಕೇ ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ಬಿಚ್ಚಿದರೂ ಏನೂ ಬರಲಿಲ್ಲವೇ? ಖಾಲಿ ಅಂದುಕೊಳ್ಳಬೇಡಿ, ಕೆಸರು ಕಟ್ಟಿರುತ್ತದೆ. ತಂತಿ ಹಾಕಿ ಕೆದಕಿ.

ಈಗ ಬಕೆಟ್ಟಿಗೆ ಬಂದದ್ದನ್ನು ಅಳೆಯಿರಿ. ಉದಾಹರಣೆಗೆ, ಮ್ಯಾನ್ಯುಅಲ್ 6 ಲೀಟರ್ ಅನ್ನುತ್ತದೆ, ಬಕೆಟ್ಟಿನಲ್ಲಿರುವುದು 4. ಉಳಿದ 2 ಲೀಟರ್ ಒಳಗೇ ಇದೆ, ಬಿಸಿನೀರಿನ ಟ್ಯಾಂಕಿಗೆ ಹೋಗುವ ಹೋಸ್‌ಗಳಲ್ಲೋ ಬ್ಲಾಕಿನ ತಳದಲ್ಲೋ.

ತೊಳೆಯಲು ಬರೀ ನೀರು ತುಂಬಿಸಿ. ಸಮುದ್ರದ ನೀರಿನ ವಾಲ್ವ್ ತೆರೆದಿದೆಯೇ ನೋಡಿ, ಇಲ್ಲವಾದರೆ ಆ ನೀರನ್ನು ಎಳೆಯುವ ಪಂಪಿನ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟುಹೋಗುತ್ತದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ದಾರಿ ಬಿಡುವ ವಾಲ್ವ್) ತೆರೆಯುವವರೆಗೆ ಎಂಜಿನ್ ಓಡಿಸಿ, ಆರಲು ಬಿಟ್ಟು ಖಾಲಿ ಮಾಡಿ. ತಿಳಿನೀರು ಬರುವ ತನಕ ಇದೇ ಕೆಲಸ. ತುಕ್ಕು ಕರಗಿಸುವ ಖಾರವಾದ ಕ್ಲೀನರ್ ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಹಳೇ ಎಂಜಿನ್ನಿನಲ್ಲಿ ಕೆಲವು ತೂತು ಮುಚ್ಚಿಟ್ಟಿರುವುದೇ ಆ ತುಕ್ಕು!

ಮೊದಮೊದಲು ನಾನು ಎಡವಿದ್ದು ಇದರ ನಂತರ. ರೆಡಿಮೇಡ್ 50:50 ಕೂಲಂಟ್ 4 ಲೀಟರ್ ಸುರಿದು ಕೈ ತೊಳೆದುಕೊಂಡೆ. ಒಳಗೆ 2 ಲೀಟರ್ ಬರೀ ನೀರು ಉಳಿದಿತ್ತಲ್ವಾ? 6 ಲೀಟರಿನಲ್ಲಿ ಕೂಲಂಟ್ ಸಾರ 2 ಲೀಟರ್ ಮಾತ್ರ, ಅಂದರೆ 33%. ಈಗ ನೀರು ಬೆರೆಸದ ಕೂಲಂಟನ್ನೇ ತರುತ್ತೇನೆ. ಮೊದಲು ಅದು 3 ಲೀಟರ್, ಆಮೇಲೆ ಡಿಸ್ಟಿಲ್ಡ್ ವಾಟರ್ 1 ಲೀಟರ್. 50:50 ಮಿಶ್ರಣ ಸುಮಾರು -37 ಡಿಗ್ರಿವರೆಗೆ ಹೆಪ್ಪುಗಟ್ಟದು. ಹಾಗಂತ ಸುಮ್ನೆ ಜಾಸ್ತಿ ಸುರಿದರೆ ಲಾಭವಿಲ್ಲ. ಬರೀ ಗ್ಲೈಕಾಲ್ -13ರ ಹತ್ತಿರವೇ ಗಟ್ಟಿಯಾಗುತ್ತದೆ, ಶಾಖವನ್ನೂ ನೀರಿನಷ್ಟು ಹೊತ್ತೊಯ್ಯದು.

ನಿಧಾನಕ್ಕೆ ತುಂಬಿಸಿ, ಎತ್ತರದಲ್ಲಿರುವ ಹೋಸ್ ಸಡಿಲಿಸಿ ಗಾಳಿ ಬಿಡಿ. ಸೆನ್ಸರ್ ಇರುವ ಜಾಗದಲ್ಲಿ ಗಾಳಿ ಸಿಕ್ಕಿಕೊಂಡರೆ ಮೀಟರ್ ತಣ್ಣಗಿದೆ ಎಂದೇ ತೋರಿಸಬಹುದು, ಎಂಜಿನ್ ಮಾತ್ರ ಒಳಗೇ ಬಿಸಿಯೇರುತ್ತಿರುತ್ತದೆ. ಎರಡು ಮೂರು ಸಲ ಓಡಿಸಿ, ಆರಿದ ಮೇಲೆ ಮಟ್ಟ ನೋಡಿ. ಮೊದಲ ಸಲ ಇಳಿದರೆ ಅದು ಹೊರಬಂದ ಗಾಳಿಯ ಲೆಕ್ಕ. ಆಮೇಲೂ ಇಳಿಯುತ್ತಲೇ ಇದ್ದು, ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಎಕ್ಸ್‌ಚೇಂಜರ್ ಬಿಚ್ಚಿಸಿ. ಅದರ ಕೊಳವೆಯೊಂದು ತೂತಾಗಿ, ಹೊಸ ಕೂಲಂಟ್ ಎಕ್ಸಾಸ್ಟ್ ನೀರಿನ (ಹೊಗೆಯೊಡನೆ ಹೊರಬೀಳುವ ಸಮುದ್ರದ ನೀರು) ಜೊತೆ ಹೊರಟುಹೋಗುತ್ತಿರಬಹುದು.