ಐಸೆನ್‌ಹೈಮ್: ಬೇರೆ ಬೇರೆ ಬಾಗಿಲು, ಒಂದೇ ಹಿತ್ತಲ ದಾರಿ

ಜರ್ಮನಿಯ ಓಬರ್‌ಹೌಸನ್ ನಗರದ ಐಸೆನ್‌ಹೈಮ್ ಬಡಾವಣೆಯನ್ನು ಬೀದಿಯಲ್ಲಿ ನಿಂತು ನೋಡಿದರೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ಇಟ್ಟಿಗೆ ಗೋಡೆ, ಇಳಿಜಾರು ಸೂರು, ಅಲಂಕಾರ ಅಷ್ಟಕ್ಕಷ್ಟೇ. ಕಲ್ಲಿದ್ದಲು, ಉಕ್ಕಿನ ಕೈಗಾರಿಕೆಗೆ ಹೆಸರಾದ ರೂರ್ ಪ್ರದೇಶದ ಅತಿ ಹಳೆಯ ಕಾರ್ಮಿಕ ವಸತಿ ಇದು. ಮುಂದೆ ಗುಟೆಹಾಫ್‌ನುಂಗ್ಸ್‌ಹ್ಯೂಟೆ ಎಂದು ಹೆಸರಾದ ಕಬ್ಬಿಣದ ಕಂಪನಿ 1846ರಲ್ಲಿ ಇಲ್ಲಿ ಮೊದಲ ಮನೆಗಳನ್ನು ಕಟ್ಟಿಸಿತು. ದಾನಧರ್ಮಕ್ಕೇನೂ ಅಲ್ಲ, ಹೊರಗಿನಿಂದ ಕರೆತಂದ ನುರಿತ ಕೆಲಸಗಾರರು ಬಿಟ್ಟುಹೋಗಬಾರದಿತ್ತು, ಅಷ್ಟೇ. ರೂರ್‌ನ ಕಂಪನಿ ಮನೆಗಳಲ್ಲಿ ಕೆಲಸ ಹೋದರೆ ಸೂರೂ ಹೋಗುತ್ತಿತ್ತು ಎಂಬುದನ್ನು ಮರೆಯಬಾರದು.

ನನ್ನಂಥ ನಕ್ಷೆ ಬರೆಯುವವರಿಗೆ ಐಸೆನ್‌ಹೈಮ್ ರುಚಿಸತೊಡಗುವುದು 1860ರ ದಶಕದ ಮನೆಗಳಿಂದ. ಒಂದು ಕಟ್ಟಡದೊಳಗೆ ಎರಡು ಗೋಡೆಗಳನ್ನು ಅಡ್ಡಡ್ಡ ಹಾಯಿಸಿ ನಾಲ್ಕು ಸಂಸಾರಗಳಿಗೆ ಪಾಲು ಮಾಡಿದ್ದಾರೆ. ಈ ಶಿಲುಬೆಯಾಕಾರದ ವಿನ್ಯಾಸ ಫ್ರಾನ್ಸಿನ ಮ್ಯೂಲೂಜ್ ಪಟ್ಟಣದ ಕಾರ್ಮಿಕ ವಸತಿಯಲ್ಲಿ 1850ರ ದಶಕದಲ್ಲೇ ಬಳಕೆಗೆ ಬಂದಿತ್ತು. ಪ್ರತಿ ಮನೆಗೂ ಕಟ್ಟಡದ ಒಂದೊಂದು ಮೂಲೆ. ಎರಡು ಗೋಡೆಗಳು ನೆರೆಮನೆಗೆ ಅಂಟಿಕೊಂಡಿರುವುದರಿಂದ ಚಳಿ ತಾಗುವುದು ಉಳಿದೆರಡಕ್ಕೆ ಮಾತ್ರ. ಆ ಎರಡರಲ್ಲೂ ಕಿಟಕಿ ಇಟ್ಟರೆ ಗಾಳಿ ಒಂದು ಕಡೆ ಹೊಕ್ಕು ಪಕ್ಕದ ಕಡೆಯಿಂದ ಹೊರಡುತ್ತದೆ. ಬೆನ್ನಿಗೆ ಬೆನ್ನು ಹಚ್ಚಿದ ಸಾಲುಮನೆಗಳಲ್ಲಿ ನಡುವಿನವರಿಗೆ ಈ ಭಾಗ್ಯವಿಲ್ಲ. ಇಟ್ಟಿಗೆಯ ಖರ್ಚೂ ಉಳಿಯಿತು.

ಬಾಗಿಲುಗಳ ಲೆಕ್ಕಾಚಾರ ಇನ್ನೂ ಜಾಣತನದ್ದು. ನಾಲ್ಕೂ ಮನೆಗಳಿಗೆ ಸ್ವತಂತ್ರ ಪ್ರವೇಶ, ಎಲ್ಲರಿಗೂ ಸೇರಿದ ಮೆಟ್ಟಿಲಿಲ್ಲ, ಪಡಸಾಲೆಯಿಲ್ಲ. ಗುಡಿಸುವ ಸರದಿಯ ಜಗಳ ತಪ್ಪುತ್ತದೆ, ನಿಜ. ಕಾರ್ಮಿಕರು ಗುಂಪುಗೂಡುವ ಒಂದು ಜಾಗವೂ ತಪ್ಪುತ್ತದೆ. ಮಾಲೀಕರಿಗೆ ಎರಡನೆಯದೇ ಹೆಚ್ಚು ಹಿತವಾಗಿತ್ತು ಎಂಬುದು ನನ್ನ ಗುಮಾನಿ.

ಆದರೆ ಜನರು ಹಿತ್ತಲ ಕಡೆ ಕೂಡಿಕೊಂಡರು. ಮನೆಯ ಆಚೆ ಮಣ್ಣಿನ ದಾರಿ, ಅದರಾಚೆ ಮೇಕೆ, ಹಂದಿ ಸಾಕುವ ಕೊಟ್ಟಿಗೆ ಮತ್ತು ಪಾಯಖಾನೆ, ಅದಕ್ಕೂ ಆಚೆ ತರಕಾರಿ ಮಡಿ. ಕೂಲಿ ಸಾಲದ ಕೊರತೆಯನ್ನು ಆಲೂಗಡ್ಡೆ, ಕೋಸು ತುಂಬುತ್ತಿದ್ದವು. ಮೇಕೆಗೆ ಮೇವು ಹಾಕಲು ಹೋದರೂ, ಪಾಯಖಾನೆಗೆ ಹೋದರೂ ಆ ದಾರಿ ದಾಟಲೇಬೇಕು. ದಾಟುವಾಗ ನೆರೆಯವರು ಎದುರಾಗಲೇಬೇಕು. ಬೆಂಚು ತಂದಿಟ್ಟರು, ಮಕ್ಕಳನ್ನು ಆಡಲು ಬಿಟ್ಟರು. ಇದನ್ನು ಯಾವ ಎಂಜಿನಿಯರ್ ಕೂಡ ಉದ್ದೇಶಿಸಿ ಬರೆದಿರಲಾರ.

1970ರ ಹೊತ್ತಿಗೆ ಬಡಾವಣೆಯನ್ನು ಕೆಡವಿ ಬಹುಮಹಡಿ ಕಟ್ಟುವ ಯೋಜನೆ ಸಿದ್ಧವಾಗಿತ್ತು. ನಿವಾಸಿಗಳು ತಿರುಗಿಬಿದ್ದರು. ಕಲಾ ಇತಿಹಾಸಕಾರ ರೋಲಂಡ್ ಗ್ಯುಂಟರ್ ಬೀಲೆಫೆಲ್ಡ್ ನಗರದ ತಮ್ಮ ವಿದ್ಯಾರ್ಥಿಗಳೊಂದಿಗೆ ಬಂದು, ಯಾರು ಎಲ್ಲಿ ಕೂರುತ್ತಾರೆ, ಎಲ್ಲಿ ಹರಟುತ್ತಾರೆ ಎಂಬುದನ್ನು ದಾಖಲಿಸಿದರು. ಗೋಡೆಯ ಅಳತೆಗಿಂತ ಈ ದಾಖಲೆಯೇ ತೂಕದ ವಾದವಾಯಿತು ಎಂದು ನನಗನ್ನಿಸುತ್ತದೆ. ನಮ್ಮ ಕಸುಬಿನಲ್ಲಿ ಸಮೀಕ್ಷೆ ಎಂದರೆ ಇವತ್ತಿಗೂ ಟೇಪು ಹಿಡಿಯುವುದು ತಾನೇ! ಗ್ಯುಂಟರ್ ಮುಂದೆ ಅಲ್ಲೇ ಮನೆ ಮಾಡಿದರು. 1972ರಲ್ಲಿ ಬಡಾವಣೆಗೆ ಸ್ಮಾರಕವೆಂದು ರಕ್ಷಣೆ ಸಿಕ್ಕಿತು. 51 ಕಟ್ಟಡಗಳಲ್ಲಿ 38 ಉಳಿದಿವೆ.

ಬರ್ಲಿನರ್ ಸ್ಟ್ರಾಸೆ ಎಂಬ ಬೀದಿಯ ಹಳೆಯ ಬಟ್ಟೆ ಒಗೆಯುವ ಕಟ್ಟಡ ಈಗ ಸಣ್ಣ ವಸ್ತುಸಂಗ್ರಹಾಲಯ. ಹೋಗುವವರು ಅದನ್ನು ನೋಡಿಕೊಂಡು ಹಿಂದಿನ ದಾರಿಯಲ್ಲಿ ನಡೆಯಿರಿ. ಜನ ಇನ್ನೂ ವಾಸವಿರುವ ಮನೆಗಳಿವು. ಕ್ಯಾಮೆರಾ ಎತ್ತುವ ಮೊದಲು ಅವರನ್ನು ಒಂದು ಮಾತು ಕೇಳಿ.