ಕ್ರೂ ಅಂದರೆ ಕುಮಕು

"ನೀವೂ ಓಡ್ತೀರಾ?" ಅಂತ ಯಾರಾದರೂ ಕೇಳಿದರೆ "ಇಲ್ಲ, ನಾನು ಕ್ರೂ" ಅನ್ನುತ್ತೇನೆ. ಕೇಳಿದವರ ಮುಖದಲ್ಲಿ ಗೊಂದಲ. ವಿಮಾನದಲ್ಲಿ ಕ್ರೂ ಇರುತ್ತಾರೆ, ಶೂಟಿಂಗಿನಲ್ಲಿ ಇರುತ್ತಾರೆ. ಓಟಕ್ಕೆ ಯಾಕೆ?

ನಮ್ಮದು ಧಾರವಾಡ, ಈಗ ಮನೆ ಪುಣೆಯ ಕೋಥ್ರೂಡಿನಲ್ಲಿ. ತಮ್ಮ ಓಡುತ್ತಾನೆ, ನಾನು ಚೀಲ ಕಾಯುತ್ತೇನೆ.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದಕ್ಕಿಂತ ಜಾಸ್ತಿ ಇರುವುದೆಲ್ಲ ಅಲ್ಟ್ರಾ. ಅದು 50 ಕಿಲೋಮೀಟರ್ ಇರಬಹುದು, 100 ಇರಬಹುದು, 100 ಮೈಲಿ ಅಂದರೆ 161 ಕಿಲೋಮೀಟರೂ ಇರಬಹುದು. ಕೆಲವದಕ್ಕೆ ದೂರದ ಲೆಕ್ಕವೇ ಇಲ್ಲ. 12 ತಾಸೋ 24 ತಾಸೋ ಕೊಡುತ್ತಾರೆ, ಆದಷ್ಟು ಓಡಬೇಕು. ಇಂಥ ಓಟದಲ್ಲಿ ಒಬ್ಬ ಓಟಗಾರನ ಊಟ, ನೀರು, ಬಟ್ಟೆ, ಗಾಯ, ಸಮಯ ಎಲ್ಲವನ್ನೂ ನೋಡಿಕೊಳ್ಳುವವರೇ ಕ್ರೂ. ಒಬ್ಬರಿದ್ದರೂ ಕ್ರೂ, ನಾಲ್ವರಿದ್ದರೂ ಕ್ರೂ. "ಈ ಸಲ ಯಾರು ಕ್ರೂ ಮಾಡ್ತಾರೆ?" ಅಂತ ಕ್ರಿಯಾಪದವಾಗಿಯೂ ಓಡಾಡುತ್ತದೆ.

ಪದದ ಹುಟ್ಟು ಚೆನ್ನಾಗಿದೆ. ಹಳೆಯ ಫ್ರೆಂಚಿನಲ್ಲಿ ಇದರ ಮೂಲ ಪದಕ್ಕೆ 'ಹೆಚ್ಚಳ' ಅಂತ ಅರ್ಥ. 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಸೇನೆಗೆ ಬಂದು ಸೇರುವ ಹೆಚ್ಚುವರಿ ಪಡೆ. ಹಡಗು, ವಿಮಾನ ಎಲ್ಲ ಆಮೇಲೆ. ಹೆಚ್ಚುವರಿ ಪಡೆಗೆ ಮರಾಠಿಯಲ್ಲಿ 'ಕುಮಕ್' ಅನ್ನುತ್ತಾರೆ. ಗಲಾಟೆಯ ಸುದ್ದಿ ಇದ್ದ ದಿನ ಇಲ್ಲಿನ ಪೇಪರಿನಲ್ಲಿ ಈ ಪದ ಕಣ್ಣಿಗೆ ಬೀಳುತ್ತದೆ. ನಮ್ಮ 'ಕುಮ್ಮಕ್ಕು' ಅದೇ ಪದ. ಆದರೆ ನಮ್ಮಲ್ಲಿ ಅದು ಕೆಟ್ಟವರ ಸಹವಾಸಕ್ಕೆ ಬಿತ್ತು. ಕಳ್ಳನಿಗೆ ಕುಮ್ಮಕ್ಕು, ಗಲಭೆಗೆ ಕುಮ್ಮಕ್ಕು. ಕುಮ್ಕಿ ಆನೆಯಲ್ಲಿ ಮಾತ್ರ ಹಳೆಯ ಅರ್ಥ ಮರ್ಯಾದೆಯಿಂದ ಉಳಿದಿದೆ. ಕಾಡಾನೆ ಹಿಡಿಯುವಾಗ ನೆರವಿಗೆ ನಿಲ್ಲುವ ಪಳಗಿದ ಆನೆ ಅದು. ಕ್ರೂಗೆ ಕನ್ನಡ ಪದ ಬೇಕು ಅಂದರೆ ನನ್ನ ಓಟು 'ಕುಮಕು'ಗೆ.

ದಾರಿಯಲ್ಲಿ ನೀರು, ಬಾಳೆಹಣ್ಣು ಇಟ್ಟ ಮೇಜುಗಳಿರುತ್ತವಲ್ಲ, ಅವು ಕ್ರೂ ಅಲ್ಲ. ಅವು ಏಡ್ ಸ್ಟೇಷನ್. ನಮ್ಮ ಅರವಟ್ಟಿಗೆ ಇದ್ದ ಹಾಗೆ, ಬಂದವರಿಗೆಲ್ಲ. ಪಕ್ಕದಲ್ಲಿ ಓಡುತ್ತಾ ವೇಗ ಕಾಯುವವನು ಪೇಸರ್. ಕ್ರೂ ಒಬ್ಬನಿಗೇ ಮೀಸಲು. ಎಲ್ಲ ಓಟದಲ್ಲೂ ಕ್ರೂಗೆ ಜಾಗ ಇರುವುದಿಲ್ಲ. ಸಿಂಹಗಡ, ರಾಜಗಡ, ತೋರಣಾ ಕಡೆಯ ಗುಡ್ಡದ ದಾರಿಗಳಿಗೆ ಬಹಳ ಕಡೆ ಗಾಡಿಯೇ ಹೋಗುವುದಿಲ್ಲ. ಇನ್ನೊಂದು ತುದಿಯಲ್ಲಿ ಅಮೆರಿಕದ ಡೆತ್ ವ್ಯಾಲಿಯಲ್ಲಿ ಜುಲೈ ಬಿಸಿಲಿಗೆ ನಡೆಯುವ 217 ಕಿಲೋಮೀಟರಿನ ಬ್ಯಾಡ್‌ವಾಟರ್ ಇದೆ. ಅಲ್ಲಿ ಕ್ರೂ ಇಲ್ಲದಿದ್ದರೆ ಓಡುವ ಹಾಗೇ ಇಲ್ಲ. ಎಲ್ಲಿ ನೆರವು ಕೊಡಬಹುದು ಅಂತ ಪ್ರತಿ ಓಟಕ್ಕೂ ನಿಯಮ ಇರುತ್ತದೆ. ತಪ್ಪಿದ ಜಾಗದಲ್ಲಿ ಬಾಟಲಿ ಕೊಟ್ಟರೆ ಓಟಗಾರನನ್ನೇ ಹೊರಗೆ ಹಾಕಬಹುದು.

ಇಷ್ಟು ಹೇಳಿದರೆ ಊಟ ಬಡಿಸುವ ಕೆಲಸ ಅನ್ನಿಸುತ್ತದೆ. ಅಷ್ಟೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಪುಣೆ ಹೊರಗಿನ ಒಂದು ರಾತ್ರಿ ಓಟದಲ್ಲಿ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ, 5 ಕಿಲೋಮೀಟರಿನ ಸುತ್ತು. ತಮ್ಮ ಸುಮಾರು 40 ನಿಮಿಷಕ್ಕೊಮ್ಮೆ ನನ್ನ ಮುಂದೆ ಬರುತ್ತಿದ್ದ. ಮಡಚುವ ಕುರ್ಚಿ ಬಿಡಿಸಿಟ್ಟಿದ್ದೆ. ಅದೇ ಮೊದಲ ತಪ್ಪು. ಕುರ್ಚಿ ಸಿಕ್ಕವರು ಏಳುವುದಿಲ್ಲ, ರಾಜಕಾರಣದಲ್ಲಷ್ಟೇ ಅಲ್ಲ.

ರಾತ್ರಿ 2ರ ಹೊತ್ತಿಗೆ ಬಂದವನೇ ಕೂತ. "ಏನ್ ಬೇಕೋ?" ಅಂದೆ. "ಅಕ್ಕಾ, ಏನೂ ಬ್ಯಾಡ. ಹೊಟ್ಟಿ ತೊಳಸಾಕ ಹತ್ತೈತಿ." ಕಣ್ಣು ನನ್ನ ಕಡೆ ಇತ್ತು, ಆದರೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಓಟಗಾರನ ಹೆಂಡತಿ ಕ್ರೂ ಮಾಡುತ್ತಿದ್ದರು. ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಕೇಳಬೇಡಿ, ಕೈಗೆ ಕೊಡಿ. ಎಂಟು ತಾಸು ಓಡಿದ ತಲೆಗೆ "ಏನು ಬೇಕು" ಅನ್ನುವುದು ಕಷ್ಟದ ಪ್ರಶ್ನೆ. ಅದಕ್ಕೆ ಸುಲಭದ ಉತ್ತರ "ಬೇಡ". ಉಪ್ಪು ಹಚ್ಚಿದ ಬೇಯಿಸಿದ ಬಟಾಟೆಯ ಒಂದು ತುಂಡು ಅವನ ಅಂಗೈಲಿಟ್ಟೆ. "ಮೊದಲ ಇದನ್ನ ತಿನ್ನು, ಆಮ್ಯಾಲ ಮಾತಾಡು." ತಿಂದ.

ಲೆಕ್ಕ ಇರುವುದು ಹೀಗೆ. ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 1 ಕಿಲೋಕ್ಯಾಲರಿ ಉರಿಯುತ್ತದೆ. 60 ಕಿಲೋ ತೂಗುವವನು 100 ಕಿಲೋಮೀಟರ್ ಓಡಿದರೆ ಸುಮಾರು 6000. ಮೈಯಲ್ಲಿ ಸಕ್ಕರೆಯಾಗಿ ಕೂಡಿಟ್ಟದ್ದು ಅಂದಾಜು 2000. ಉಳಿದದ್ದು ಕೊಬ್ಬಿನಿಂದ ಬರಬೇಕು, ಇಲ್ಲಾ ಬಾಯಿಂದ. ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅನ್ನುವುದು ಸಾಮಾನ್ಯ ಗುರಿ. ಗ್ಲೂಕೋಸ್, ಫ್ರಕ್ಟೋಸ್ ಎರಡೂ ಬೆರೆತಿದ್ದರೆ, ಅಭ್ಯಾಸ ಇದ್ದವರು 90ರವರೆಗೂ ಹೋಗುತ್ತಾರೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಓಟಗಾರರು ಹೀರುವ ಜೆಲ್ ಅಂದರೆ ಗಟ್ಟಿ ಸಕ್ಕರೆ ಪಾಕದ ಒಂದು ಪೊಟ್ಟಣದಲ್ಲೂ ಹೆಚ್ಚುಕಡಿಮೆ ಅಷ್ಟೇ. ಓಡುವಾಗ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗುತ್ತದೆ, ಹೊಟ್ಟೆಗೆ ಕಡಿಮೆ. ಹಾಗಾಗಿ ಒಮ್ಮೆಲೇ ತುಂಬಿಸಬಾರದು, ಚೂರು ಚೂರೇ ಕೊಡಬೇಕು. ಮೊದಮೊದಲು ಸಿಹಿ ನಡೆಯುತ್ತದೆ. ಅರ್ಧ ದಾರಿ ಆದ ಮೇಲೆ ಸಿಹಿ ಕಂಡರೇ ಆಗುವುದಿಲ್ಲ. ಅವ್ವ ಊರಿಂದ ಅವನಿಗಂತಲೇ ಪೇಡೆ ಕಳಿಸಿದ್ದಳು. 30 ಕಿಲೋಮೀಟರ್ ಆದ ಮೇಲೆ ಆ ಡಬ್ಬಿ ಮುಚ್ಚು ಅಂದ. ಉಪ್ಪಿನಕಾಯಿ ಹಚ್ಚಿದ ಮೊಸರನ್ನ ಎರಡು ಚಮಚ ಮಾತ್ರ ಬೆಳಗಿನವರೆಗೂ ಇಳಿಯಿತು.

ಇನ್ನು ನನ್ನ ಎರಡನೇ ತಪ್ಪು. ಹೊಟ್ಟೆ ತೊಳಸಿದ್ದಕ್ಕೆ ಕಾರಣ ನಾನೇ. 1 ಲೀಟರಿಗೆ ಬೆರೆಸಬೇಕಾದ ಓಆರ್‌ಎಸ್ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದಿದ್ದೆ. ಗಟ್ಟಿ ಇದ್ದರೆ ಶಕ್ತಿ ಜಾಸ್ತಿ ಅಂತ. ಆಗುವುದು ಉಲ್ಟಾ. ಗಟ್ಟಿ ದ್ರಾವಣ ಹೊಟ್ಟೆಯಲ್ಲೇ ಕೂತುಬಿಡುತ್ತದೆ, ಕರುಳಿಗೆ ಇಳಿದದ್ದು ಮೈಯ ನೀರನ್ನೇ ಎಳೆದುಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. ಅಂದರೆ ಅದು ನೀರು ಹೀರಿಸುವ ಔಷಧ, ಊಟವಲ್ಲ. ಒಂದು ಸುತ್ತು ಬರೀ ನೀರನ್ನು ಗುಟುಕು ಗುಟುಕಾಗಿ ಕೊಟ್ಟೆ. ಸರಿಹೋಯಿತು.

ಹಾಗಂತ ಬರೀ ನೀರನ್ನೇ ಕುಡಿಸುತ್ತಾ ಹೋಗುವುದು ಇನ್ನೂ ಅಪಾಯ. ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಗಲಿಬಿಲಿ, ಕೊನೆಗೆ ಜೀವಕ್ಕೇ ಕುತ್ತು. ನೀರು ಕಡಿಮೆಯಾದಾಗಲೂ ವಾಕರಿಕೆ ಬರುತ್ತದೆ, ಅದೇ ಕಷ್ಟ. ಅದಕ್ಕೇ ನಾನು ಬೆರಳು ನೋಡುತ್ತೇನೆ. ಉಂಗುರ ಬಿಗಿಯಾಗಿದ್ದರೆ, ವಾಚಿನ ಪಟ್ಟಿ ಮಣಿಕಟ್ಟಿನಲ್ಲಿ ಗೆರೆ ಮೂಡಿಸಿದ್ದರೆ, ನೀರಿನ ಬಾಟಲಿ ಕೆಳಗಿಟ್ಟು ಡಾಕ್ಟರನ್ನು ಕರೆಯಬೇಕು. ನೋವಿನ ಮಾತ್ರೆ ಕೇಳಿದರೂ ಕೊಡುವುದಿಲ್ಲ. ಐಬುಪ್ರೊಫೇನ್‌ನಂಥವು ಬಳಲಿದ ಕಿಡ್ನಿಗೆ ಪೆಟ್ಟು ಕೊಡಬಹುದು.

ಈಗ ಚೀಲದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಪ್ರತಿ ಸುತ್ತಿಗೆ ಒಂದು ಸಾಲು: ಏನು ತಿಂದ, ಎಷ್ಟು ಕುಡಿದ, ಮೂತ್ರಕ್ಕೆ ಹೋದನಾ, ಮಾತು ಸರಿ ಇದೆಯಾ. ನಸುಕಿನ 4ಕ್ಕೆ ಅವನು "ಈಗಷ್ಟೇ ತಿಂದೆನಲ್ಲ" ಅಂದರೆ ಪುಟ ತೋರಿಸುತ್ತೇನೆ. ತಿಂದು ಒಂದು ತಾಸು ಹತ್ತು ನಿಮಿಷ ಆಗಿರುತ್ತದೆ. ಕುರ್ಚಿಯೂ ಬರುತ್ತದೆ, ಆದರೆ ಅದು ನನಗೆ. ಬೆಳಿಗ್ಗೆ ಗಾಡಿ ಓಡಿಸಿಕೊಂಡು ಮನೆಗೆ ಬರಬೇಕಾದವಳು ನಾನೇ ಅಲ್ವಾ. ಕ್ರೂ ಊಟ ಮಾಡಿದರಾ ಅಂತ ಯಾರೂ ಬರೆದಿಡುವುದಿಲ್ಲ. ಆ ರಾತ್ರಿ ಆ ಡಬ್ಬಿಯ ಪೇಡೆ ಪೂರ್ತಿ ನಾನೇ ಖಾಲಿ ಮಾಡಿದ್ದೆ. ಮುಂದಿನ ಓಟಕ್ಕೂ ಕಳಿಸು ಅಂತ ಅವ್ವನಿಗೆ ಹೇಳಿದ್ದೇನೆ. ಯಾರಿಗೆ ಅಂತ ಹೇಳಿಲ್ಲ.